ಹುಸೇನನ ಕಾಲಿನ ಹಗ್ಗ ಸ್ವೀಡನ್ನಿಗೆ ಹೋದದ್ದು

ಕೊಟ್ಟೂರು

ಸ್ವೀಡನ್ ದೇಶಕ್ಕೆ ಹೋಗಿ ಬಂದ ಮೇಲೆ ಊರಲ್ಲಿ ಎದುರಾದವರೆಲ್ಲ ಕೇಳುವುದು ಒಂದೇ: "ಏನೇನು ನೋಡಿ ಬಂದ್ರಿ ಕೊಟ್ರಣ್ಣಾ?" ಕೇಳಿಬಿಟ್ಟು ಸುಮ್ಮನಾಗುತ್ತಾರೆ. ನಾಲಿಗೆ ಕಚ್ಚಿಕೊಂಡರು ಅಂತ ನನಗೆ ತಿಳಿಯುತ್ತದೆ. ನಾನು ನಾಲ್ಕು ವರ್ಷದವನಿದ್ದಾಗ ಸಿಡುಬು ಬಂದು ಎರಡೂ ಕಣ್ಣು ತಗೊಂಡು ಹೋಯಿತು. ಆ ಮುಜುಗರ ಕಳೆಯಲು ಅವರು ಪಕ್ಕದಲ್ಲಿದ್ದ ನನ್ನ ಗೆಳೆಯನ ಕಡೆ ತಿರುಗಿ, "ಅಲ್ಲಿ ಮಂದಿ ಮಾತು ಕೇಳಾಕ ಹೆಂಗಿರತೈತಿ ಹುಸೇನ್ ಸಾಬ್?" ಅನ್ನುತ್ತಾರೆ. ಹುಸೇನ್ ಕಿವುಡ. ಎರಡನೇ ಸಲ ನಾಲಿಗೆ ಕಚ್ಚಿಕೊಂಡು ಮನೆಯ ದಾರಿ ಹಿಡಿಯುತ್ತಾರೆ. ಅವರಿಗೆಲ್ಲ ಒಂದೇ ಸಲಕ್ಕೆ ಉತ್ತರ ಕೊಟ್ಟ ಹಾಗಾಗಲಿ ಅಂತ ಈ ಬರಹ.

ಹರಪನಹಳ್ಳಿ ರಸ್ತೆಗೆ ನಮ್ಮದೊಂದು ತಗಡಿನ ಶೆಡ್ಡು. ಬಾವಿಗೆ, ಹೊಳೆದಂಡೆಗೆ ಇಡುವ ಡೀಸೆಲ್ ಎಂಜಿನ್ ರಿಪೇರಿ ನಮ್ಮ ಕಸುಬು. ಹಂಪಸಾಗರ, ಮಾಗಳದ ಕಡೆಯವರೂ ಎಂಜಿನ್ ಹೇರಿಕೊಂಡು ಇಲ್ಲಿಗೇ ಬರುತ್ತಾರೆ. ಎಂಜಿನ್ ಚಾಲೂ ಮಾಡಿದರೆ ನಾನು ಗೋಣಿಚೀಲದ ಮೇಲೆ ಕುಂತು ಕೇಳುತ್ತೇನೆ. ಬೇರಿಂಗ್ ಸವೆದಿದೆಯೋ, ನಾಜಲ್ ಸೋರುತ್ತದೋ, ವಾಲ್ವ್ ಬಡಿಯುತ್ತದೋ, ಅದರ ದನಿಯಲ್ಲೇ ಹೇಳುತ್ತೇನೆ. ಬಿಚ್ಚುವುದು, ತೀಡುವುದು, ಜೋಡಿಸುವುದು ಹುಸೇನನದು.

ಹುಸೇನನಿಗೆ ಎಂಟು ವರ್ಷಕ್ಕೆ ಜ್ವರದಲ್ಲಿ ಕಿವಿ ಹೋದವು. ಅಷ್ಟರಲ್ಲಿ ಮಾತು ಬಂದಿತ್ತು, ಓದುಬರಹವೂ ಬಂದಿತ್ತು. ತುಟಿ ನೋಡಿ ಮಾತು ತಿಳಿಯುತ್ತಾನೆ. ಸಂತೆಯ ಈ ತುದಿಗೆ ನಿಂತು ಆ ತುದಿಯ ಚೌಕಾಸಿ ಹೇಳುತ್ತಾನೆ. ಊರಿನ ಗುಟ್ಟುಗಳೆಲ್ಲ ಇರುವುದು ಈ ಕಿವುಡನ ಹತ್ತಿರವೇ. ತನ್ನ ದನಿ ತನಗೆ ಕೇಳದ ಕಾರಣ ಆ ಗುಟ್ಟುಗಳನ್ನು ಹರಾಜು ಕೂಗಿದ ಹಾಗೆ ಹೇಳುತ್ತಾನೆ, ಅದೊಂದೇ ತೊಂದರೆ.

ಒಟ್ಟಿನಲ್ಲಿ ನಾನು ಬಾಯಿ ಆಡಿಸಿದರೆ ಅವನಿಗೆ ತಿಳಿಯುತ್ತದೆ, ಅವನು ಒದರಿದರೆ ನನಗೆ. ಆದರೆ ಎಂಜಿನ್ನಿನ ಹೊಟ್ಟೆಗೆ ತಲೆ ಹಾಕಿದಾಗ ನನ್ನ ಬಾಯಿ ಅವನಿಗೆ ಎಲ್ಲಿ ಕಾಣಬೇಕು? ಅದಕ್ಕೊಂದು ಹಗ್ಗ. ಪುಂಡಿನಾರಿನದು. ಒಂದು ತುದಿ ಅವನ ಎಡಗಾಲಿಗೆ, ಇನ್ನೊಂದು ನನ್ನ ಕೈಗೆ. ಒಂದು ಸಲ ಜಗ್ಗಿದರೆ 'ಬಿಗಿ ಮಾಡು', ಎರಡು ಸಲ ಜಗ್ಗಿದರೆ 'ಸಡಿಲು ಮಾಡು', ಜಗ್ಗಿ ಹಿಡಿದರೆ 'ನಿಲ್ಲು'. ಮೂರು ಸಲ ಜಗ್ಗಿದರೆ 'ಚಾ ಬಂತು'.

ಬೋರಿನ ಕೈಪಂಪುಗಳನ್ನು ನೋಡಲು ಸ್ವೀಡನ್ನಿನಿಂದ ನಮ್ಮ ಸೀಮೆಗೆ ಬಂದಿದ್ದ ಲೀನಾ ಎಂಬ ಇಂಜಿನಿಯರ್ ಹೆಣ್ಣುಮಗಳ ಜೀಪು ನಮ್ಮ ಶೆಡ್ಡಿನ ಮುಂದೆ ಕೆಟ್ಟಿತು. ಒಳಗೆ ಬಂದು ನೋಡಿದರೆ ಒಬ್ಬ ಮನುಷ್ಯನ ಕಾಲಿಗೆ ಹಗ್ಗ, ಅದು ಇನ್ನೊಬ್ಬನ ಕೈಯಲ್ಲಿ. ನಾನು ಯಾರನ್ನೋ ಜೀತಕ್ಕಿಟ್ಟು ಕಟ್ಟಿ ಹಾಕಿದ್ದೇನೆ ಅಂದುಕೊಂಡಳಂತೆ. "ಲೇ ಕೊಟ್ರ್ಯಾ, ಈಕಿ ಮಕ ಟೊಮ್ಯಾಟಿ ಹಣ್ಣಾಗೈತಿ," ಅಂತ ಹುಸೇನ್ ಒದರಿದ. ದೂರದ ಕುರುಡರ ಶಾಲೆಯಲ್ಲಿ ಚುಕ್ಕಿ ಅಕ್ಷರದಲ್ಲಿ ಕಲಿತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ ನಾನು ವಿಷಯ ತಿಳಿಸಿದೆ. ಆಮೇಲೆ ಆಕೆ ಜೀಪು ಮರೆತು ಸಂಜೆಯವರೆಗೆ ಹಗ್ಗದ ಚಿತ್ರ ಬರೆದುಕೊಂಡಳು.

ವರ್ಷದ ಮೇಲೆ ಕಾಗದ ಬಂತು. ಬೇರೆಬೇರೆ ಅಂಗದ ಊನ ಇದ್ದವರು ಒಂದೆಡೆ ಕೂಡಿ ದುಡಿಯಲು ಬೇಕಾದ ಯಂತ್ರಗಳನ್ನು ಅವಳು ಕೆಲಸ ಮಾಡುವ ಕಾರ್ಯಾಗಾರದಲ್ಲಿ ಮಾಡುತ್ತಾರಂತೆ. ಹದಿನೈದು ದಿನ ಇಬ್ಬರೂ ಬನ್ನಿ, ಹಗ್ಗ ಮರೆಯಬೇಡಿ.

ಕೂಡ್ಲಿಗಿ

ಪಾಸ್‌ಪೋರ್ಟಿನ ವಿಚಾರಣೆಗೆ ತಾಲ್ಲೂಕಿನ ಊರಿಗೆ ಹೋದೆವು. ಅಲ್ಲಿನ ಗುಮಾಸ್ತರು ಬಹಳ ಒಳ್ಳೆಯವರು. ನನ್ನ ಕಣ್ಣಿಲ್ಲದ್ದನ್ನು ನೋಡಿ ನನ್ನ ಕಿವಿಯ ಹತ್ತಿರ ಬಂದು ಗಟ್ಟಿಯಾಗಿ ಕೂಗಿದರು: "ಹೆಸರೇನ್ರೀ?" ಹುಸೇನನಿಗೆ ಕಿವಿಯಿಲ್ಲ ಅಂತ ಕೇಳಿ ಅವನ ಕೈ ಹಿಡಿದು ಕುರ್ಚಿಗೆ ಕೂರಿಸಿದರು. ಆಮೇಲೆ ಅವನನ್ನು ಕೇಳಿದರು: "ಇವ್ರು ಅಲ್ಲಿಗೆ ಹೋಗಿ ಏನ್ ನೋಡ್ತಾರಂತ?"

ಹುಸೇನ್ ಇಡೀ ಕಚೇರಿಗೆ ಕೇಳುವ ಹಾಗೆ ಅಂದ: "ನನ್ನ ನೋಡ್ಕಂತಾನ್ರೀ. ನಾನು ಊರು ನೋಡ್ತೀನಿ."

ಇದೇ ನಡಾವಳಿ ಮುಂದೆ ವಿಮಾನದಲ್ಲೂ ನಡೆಯಿತು. ಗಗನಸಖಿ ನನಗೆ ಊಟ ಏನು ಬೇಕು ಅಂತ ಹುಸೇನನನ್ನು ಕೇಳಿದಳು. ಇಂಗ್ಲಿಷ್ ತುಟಿ ಅವನಿಗೆ ತಿಳಿಯದೆ ನನ್ನನ್ನು ತಿವಿದ. ನನಗೆ ಏನು ಬೇಕು ಅಂತ ನಾನೇ ಅವನಿಗೆ ಕನ್ನಡದಲ್ಲಿ ಹೇಳಿದೆ. ಅವನು ತಲೆಯಾಡಿಸಿದ. ಅವಳಿಗೆ ಸಮಾಧಾನವಾಯಿತು. ಬಂದದ್ದನ್ನು ಬದಿಗಿಟ್ಟು ಇಬ್ಬರೂ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಆ ವಾಸನೆಗೆ ಮುಂದಿನ ಸಾಲಿನವರು ಮೂರು ಸಲ ಸೀನಿದರು, ಪ್ರತಿ ಸಲವೂ ನಮ್ಮ ಕ್ಷಮೆ ಕೇಳಿದರು.

ಸ್ವೀಡನ್, ಮೊದಲ ದಿನ

ಊರಿನೊಳಗಿನ ಬಸ್ಸು ಹತ್ತಿದ ಮೇಲೆ ಹುಸೇನ್ ಸೀಟಿನಲ್ಲಿ ಆ ಕಡೆ ಈ ಕಡೆ ಹೊರಳಿ ಹೊರಳಿ ನೋಡಿದ. ಆಮೇಲೆ ತನ್ನ ಹರಾಜಿನ ದನಿಯಲ್ಲಿ ಕೇಳಿದ: "ಲೇ, ಇಲ್ಲಿ ಎಲ್ಲಾರೂ ನನ್ನಂಗ ಕಿವುಡ್ರು ಅದಾರೇನಲೇ?"

"ಯಾಕ?"

"ಬಸ್ ತುಂಬ ಮಂದಿ. ಒಬ್ಬಂದೂ ತುಟಿ ಅಳ್ಳಾಡವಲ್ದು."

ಕೊಟ್ಟೂರಿಂದ ಹಡಗಲಿಗೆ ಹೋಗುವ ಬಸ್ಸಿನಲ್ಲಿ ಹುಸೇನನಿಗೆ ಎರಡು ಕಣ್ಣು ಸಾಲುವುದಿಲ್ಲ. ಮದುವೆ ಮುರಿದದ್ದು, ಎಮ್ಮೆ ಕಳೆದದ್ದು, ಅತ್ತೆ ಬೈದದ್ದು, ಎಲ್ಲ ಒಟ್ಟಿಗೆ ನಡೆದಿರುತ್ತದೆ. ಇಲ್ಲಿ ಆ ಬಡವನಿಗೆ ನೋಡಲು ಕಾಡು, ಕೆರೆ, ದೊಡ್ಡ ಕಟ್ಟಡ ಬಿಟ್ಟರೆ ಏನೂ ಸಿಗಲಿಲ್ಲ.

ನನ್ನ ಕಷ್ಟ ಬಸ್ಸಿಳಿದ ಮೇಲೆ ಶುರುವಾಯಿತು. ನೆಲದ ಮೇಲೆಲ್ಲ ಹಿಮ. ಊರಲ್ಲಿ ನಾನು ಕೋಲು ಕುಟ್ಟಿ ಅದರ ಸದ್ದು ಎಲ್ಲಿಗೆ ಬಡಿದು ಬಂತು ಅನ್ನುವುದರ ಮೇಲೆ ಗೋಡೆ ಯಾವುದು, ಸಂದಿ ಯಾವುದು ಅಂತ ತಿಳಿಯುತ್ತೇನೆ. ಹಿಮಕ್ಕೆ ಕೋಲು ಕುಟ್ಟಿದರೆ ಅರಳೆ ಮೂಟೆಗೆ ಕುಟ್ಟಿದ ಹಾಗೆ. ಸದ್ದು ಹೋಗುತ್ತದೆ, ಬರುವುದಿಲ್ಲ. ನಲವತ್ತು ವರ್ಷ ಕುರುಡನಾಗಿದ್ದವನು ಆ ದಿನ ಮೊದಲ ಸಲ ಕಣ್ಣು ಕಳಕೊಂಡೆ.

ಹುಸೇನನ ಕಷ್ಟ ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಆ ಹೊತ್ತಿಗೇ ಅಲ್ಲಿ ಕತ್ತಲು ಬೀಳುತ್ತದೆ. ಕತ್ತಲಲ್ಲಿ ನನ್ನ ತುಟಿ ಅವನಿಗೆ ಕಾಣದು. ಹಾಗಾಗಿ ದಾರಿಯಲ್ಲಿ ಮಾತಾಡಬೇಕಾದರೆ ಬೀದಿದೀಪದ ಕಂಬ ಹುಡುಕಿ ಅದರ ಕೆಳಗೆ ನಿಲ್ಲುವುದು ಅಂತ ಇಬ್ಬರೂ ಗೊತ್ತು ಮಾಡಿಕೊಂಡೆವು. ಅಲ್ಲಿನ ದೀಪಗಳು ಸಣ್ಣಗೆ ಗುಂಯ್ ಅನ್ನುತ್ತಿದ್ದವು, ನನಗೆ ಹುಡುಕಲು ಅಷ್ಟು ಸಾಕಿತ್ತು. ಕಾರ್ಯಾಗಾರದಿಂದ ನಮ್ಮ ವಸತಿಗೆ ಐದು ಕಂಬ. ಐದು ಕಡೆ ನಿಂತು ನಾವಿಬ್ಬರೂ ಮಾತಾಡುವುದನ್ನು ಆ ಬೀದಿಯವರು ಕಿಟಕಿಯಿಂದ ನೋಡುತ್ತಿದ್ದರಂತೆ. ನಮ್ಮ ದೇಶದಲ್ಲಿ ದೀಪಕ್ಕೆ ಏನೋ ಪೂಜೆ ಇದೆ ಅಂದುಕೊಂಡಿದ್ದರು ಅಂತ ಆಮೇಲೆ ಲೀನಾ ಹೇಳಿದಳು.

ಗಾಜಿನ ಪೆಟ್ಟಿಗೆ

ಕಾರ್ಯಾಗಾರದ ಯಜಮಾನ ಎರಿಕ್. ಕೈ ಕುಲುಕಿದರೆ ಅವನ ಮೊಳಕೈ ನನ್ನ ಎದೆಗೆ ಬಂತು, ಅಷ್ಟು ಎತ್ತರ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅವನು ಬಿಡುವ ಹೊತ್ತಿನಲ್ಲಿ ನಮ್ಮವರು ಒಂದು ಜಗಳ ಶುರು ಮಾಡಿ ಮುಗಿಸುತ್ತಾರೆ. ನಾವು ಕೊಟ್ಟ ಹಗ್ಗವನ್ನು ಅವನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಇಸಿದುಕೊಂಡ.

ಮರುದಿನ ಹುಸೇನ್ ಬಿದ್ದುಬಿದ್ದು ನಗುತ್ತಿದ್ದ. "ನಮ್ಮ ಹಗ್ಗಾನ ಗಾಜಿನ ಡಬ್ಬಿಯಾಗ ಇಟ್ಟಾರಲೇ! ಮ್ಯಾಲೊಂದು ಲೈಟು. ಕೆಳಗೊಂದು ಚೀಟಿ."

ಚೀಟಿಯಲ್ಲಿ ಏನಿದೆ ಅಂತ ಲೀನಾಳನ್ನು ಕೇಳಿದೆ. "ಕುರುಡನೂ ಕಿವುಡನೂ ಕೂಡಿ ದುಡಿಯುವ ಸಾಧನ, ದಕ್ಷಿಣ ಭಾರತ. ದಯವಿಟ್ಟು ಮುಟ್ಟಬೇಡಿ."

ಮುಟ್ಟದೆ ಇದ್ದರೆ ಅದು ಏನು ಅಂತ ನನಗಾದರೂ ಹೇಗೆ ತಿಳಿಯಬೇಕು? ಆದರೆ ಅವರ ಭಕ್ತಿ ದೊಡ್ಡದು. ನಮ್ಮ ಕೆಲಸಕ್ಕೆ ಬೇರೊಂದು ನೈಲಾನ್ ಹಗ್ಗ ಕೊಟ್ಟರು.

ಆರನೆಯ ದಿನ

ಸದ್ದು ಹೊರಗಿನಿಂದ ಒಳಗೆ ಬಾರದ, ಗೋಡೆಗೆಲ್ಲ ಮೆತ್ತೆ ಹೊಡೆದ ಒಂದು ಕೋಣೆ. ನಡುವೆ ಒಂದು ಡೀಸೆಲ್ ಎಂಜಿನ್. ಅದರಲ್ಲಿ ಬೇಕೆಂದೇ ಒಂದು ದೋಷ ಇಟ್ಟಿದ್ದರು.

ಮೊದಲು ನಾವಿಬ್ಬರೂ ಹಗ್ಗ ಕಟ್ಟಿಕೊಂಡು ನಮ್ಮ ರೀತಿಯಲ್ಲಿ ಹುಡುಕಬೇಕು. ಅವರು ಗಡಿಯಾರ ಹಿಡಿದು ಕುಂತರು. ಎಂಜಿನ್ ಕೇಳಿದೆ. ಪರಿಚಯದ ರೋಗವೇ, ವಾಲ್ವಿನದು. ಹುಸೇನನಿಗೆ ಹೇಳಿದೆ. ಅವನು ತಲೆ ಒಳಗೆ ಹಾಕಿದ. ಎರಡು ಜಗ್ಗಿದೆ, ಒಂದು ಜಗ್ಗಿದೆ, ಕೆಲಸ ದಾರಿಗೆ ಬಂತು. ಅಷ್ಟರಲ್ಲಿ ಬಾಗಿಲು ತೆರೆಯಿತು, ಕಾಫಿಯ ವಾಸನೆ ಬಂತು. ನಾನು ಯೋಚಿಸಲೇ ಇಲ್ಲ. ಕೈ ತನ್ನಷ್ಟಕ್ಕೆ ಮೂರು ಸಲ ಜಗ್ಗಿತು.

ಹುಸೇನ್ ಸ್ಪ್ಯಾನರ್ ಕೆಳಗಿಟ್ಟ, ಎದ್ದ, ಕೈ ಒರೆಸಿಕೊಂಡ, ಕಾಫಿ ಕುಡಿದ. ಅಲ್ಲಿನ ಪದ್ಧತಿಯಂತೆ ಇನ್ನೊಂದು ಕಪ್ಪೂ ಕುಡಿದ. ಗಡಿಯಾರ ಓಡುತ್ತಿತ್ತು. "ಈ ಮೂರು ಜಗ್ಗಿನ ಸಂಜ್ಞೆಯ ತಾಂತ್ರಿಕ ಅರ್ಥ ಏನು?" ಅಂತ ಎರಿಕ್ ಬಹಳ ಗೌರವದಿಂದ ಕೇಳಿದ. ಹೇಳಿದೆ. ಬರೆದುಕೊಂಡ. ಅಂತೂ ನಮ್ಮ ಆಟ ಅರ್ಧ ತಾಸಿನ ಮೇಲಾಯಿತು.

ಆಮೇಲೆ ಅವರು ಮಾಡಿದ್ದ ಪೆಟ್ಟಿಗೆ ತಂದರು. ಟ್ರಾನ್ಸಿಸ್ಟರ್ ರೇಡಿಯೋದಷ್ಟು ದೊಡ್ಡದು, ಮೂತಿಗೆ ಒಂದು ಮೈಕು. ಎಂಜಿನ್ನಿನ ಸದ್ದು ಅದರ ಮೇಲೆ ಸಣ್ಣ ದೀಪಗಳ ಸಾಲಾಗಿ ಹತ್ತುತ್ತದೆ. ಸರಿಯಾದ ಸದ್ದಿಗೆ ಹಸಿರು, ಕೆಟ್ಟದ್ದಕ್ಕೆ ಕೆಂಪು. ಬೇರೆ ದೋಷ ಇಟ್ಟು ಹುಸೇನನ ಮುಂದೆ ಪೆಟ್ಟಿಗೆ ಇಟ್ಟರು. ನನ್ನನ್ನು ಮೂಲೆಯ ಕುರ್ಚಿಗೆ ಕೂರಿಸಿದರು.

ನನ್ನ ಕಾಫಿ ಆರುವುದರೊಳಗೆ ಹುಸೇನ್ ಕಂಡುಹಿಡಿದ. ಒಬ್ಬನೇ.

"ಲೇ ಕೊಟ್ರ್ಯಾ! ಸದ್ದು ಕಾಣಾಕತ್ತೈತಿ!" ಆ ಮೆತ್ತೆಯ ಗೋಡೆಗಳಿಗೂ ಅವನ ದನಿ ತಡೆಯಲಿಕ್ಕಾಗಲಿಲ್ಲ. "ಬಡಿಯಾಕತ್ರ ಕೆಂಪು ಕುಣಿತೈತಿ. ಬಿಗಿ ಮಾಡಿದ್ರ ಹಸ್ರು. ಇಷ್ಟು ವರ್ಷ ನೀನು ಹೇಳಿದ್ದು ಇದೇ ಏನಲೇ? ಇದು ಹಿಂಗ ಇರತೈತೇನು?"

ಅವನ ದನಿಯಲ್ಲಿ ಅಳು ಇತ್ತು. ನನ್ನ ಗೆಳೆಯನಿಗೆ ಅಷ್ಟು ಸಂತೋಷವಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನನಗೆ ಸಂತೋಷವಾಯಿತು ಅಂತ ಬರೆಯಬೇಕು. ಆಗಲಿಲ್ಲ.

"ಕಣ್ಣಿಲ್ಲದವರಿಗೂ ಇಂಥದ್ದೊಂದು ಮಾಡಿದ್ದೀರಾ?" ಅಂತ ಎರಿಕ್‌ನನ್ನು ಕೇಳಿದೆ. ಅವನು ಪ್ರಾಮಾಣಿಕ. "ಕಿವಿ ಮಾಡುವುದು ಸುಲಭ. ಕಣ್ಣು ಮಾಡುವುದು ಕಷ್ಟ. ಇನ್ನೂ ಬಹಳ ವರ್ಷ ಬೇಕು," ಅಂದ. ನಮ್ಮ ಶೆಡ್ಡಿನಲ್ಲಿ ನನ್ನ ಕೆಲಸವೆಲ್ಲ ಕಿವಿಯದು. ಅದೀಗ ಅವನ ಮೇಜಿನ ಮೇಲೆ ಕೆಂಪು ಹಸಿರು ಹತ್ತುತ್ತ ಕುಂತಿತ್ತು. ಹುಸೇನ್ ಇಲ್ಲದಿದ್ದರೆ ನಾನು ಒಂದು ನಟ್ಟನ್ನೂ ಬಿಚ್ಚಲಾರೆ. ನಾನಿಲ್ಲದಿದ್ದರೂ ಹುಸೇನ್ ಇನ್ನು ಮೇಲೆ ಎಂಜಿನ್ ಕಟ್ಟಬಲ್ಲ.

ಎರಿಕ್ ಕೇಳಿದ: "ಇದನ್ನು ಊರಿಗೆ ಒಯ್ಯಲು ನಿಮ್ಮ ಗೆಳೆಯರಿಗೆ ಇಷ್ಟವೇ? ಇಷ್ಟವಿದ್ದರೆ ಇದು ಅವರದ್ದೇ."

ಕನ್ನಡ ಮಾಡಿ ಹುಸೇನನಿಗೆ ಹೇಳಿದೆ. "ಬೇಕು ಅನ್ನು! ಈಗ ಕೊಟ್ರ ಬಗಲಾಗ ಇಟ್ಕಂಡು ಮಲಗ್ತೀನಿ ಅನ್ನು!"

ಆ ಕೋಣೆಯಲ್ಲಿ ಎರಡೂ ಭಾಷೆ ತಿಳಿದವನು ನಾನೊಬ್ಬನೇ. ಎರಿಕ್‌ನ ಕಡೆ ತಿರುಗಿದೆ. "ನೋ," ಅಂದೆ. "ಅವನು ಬೇಡ ಅನ್ನುತ್ತಾನೆ. ನಮ್ಮ ಹಗ್ಗವೇ ಸಾಕಂತೆ."

ಎರಿಕ್ ತನ್ನ ದೊಡ್ಡ ಮೌನಗಳಲ್ಲಿ ಒಂದನ್ನು ಬಿಟ್ಟ. ಆಮೇಲೆ ಪೆಟ್ಟಿಗೆ ಮುಚ್ಚಿದ ಸದ್ದು ಕೇಳಿಸಿತು.

ಅದೇ ದಿನ, ಮೂರೂವರೆ

ಹೊರಗೆ ಬಂದಾಗ ಪಕ್ಕದಲ್ಲಿ ಇರಬೇಕಾದ ಭುಜ ಇರಲಿಲ್ಲ. ಹುಸೇನ್ ಮುಂದೆ ಹೋಗಿಬಿಟ್ಟಿದ್ದ. ಮೂವತ್ತು ವರ್ಷದಲ್ಲಿ ಅವನು ನನ್ನನ್ನು ಹೀಗೆ ಬಿಟ್ಟು ಹೋದದ್ದಿಲ್ಲ.

"ಹುಸೇನಾ!" ಅಂತ ಕೂಗಿದೆ. ಕೂಗಿದ ಮೇಲೆ ನೆನಪಾಯಿತು, ಯಾರನ್ನು ಕೂಗುತ್ತಿದ್ದೇನೆ ಅಂತ. ಹಗ್ಗ ಗಾಜಿನೊಳಗೆ. ಹೆಜ್ಜೆ ಸದ್ದು ಹಿಮದೊಳಗೆ. ಅವನು ತಿರುಗಿ ನೋಡಿದರೆ ಉಂಟು, ಇಲ್ಲದಿದ್ದರೆ ನನಗೆ ಅವನನ್ನು ಕರೆಯುವ ದಾರಿಯೇ ಇಲ್ಲ. ನೋಡುತ್ತಿದ್ದಾನೋ ಇಲ್ಲವೋ ತಿಳಿಯುವ ದಾರಿಯೂ ಇಲ್ಲ.

ಅವನಿಗೆ ಹೇಗೆ ಗೊತ್ತಾಯಿತು ಅನ್ನುವುದು ಆಗ ಹೊಳೆಯಿತು. ನನ್ನ ತುಟಿ ಓದಿ ಬದುಕುವವನ ಎದುರಿಗೇ ನಿಂತು ಸುಳ್ಳು ಹೇಳಿದ್ದೆ. ಸುಳ್ಳು ದನಿಯಲ್ಲಿ ಮಾತ್ರ ಇರುತ್ತದೆ ಅಂತ ತಿಳಿಯುವುದು ಕುರುಡರಾದ ನಾವು ಮಾತ್ರ ಮಾಡುವ ತಪ್ಪು.

ಗುಂಯ್ ಅನ್ನುವ ಸದ್ದು ಹಿಡಿದು ಮೊದಲ ಕಂಬದ ಕಡೆ ನಡೆದೆ. ಅಲ್ಲಿ ಎದುರಿಗೆ ಯಾರೋ ನಿಂತಿದ್ದರು. ಎದುರಿಗೆ ಏನಾದರೂ ನಿಂತಿದ್ದರೆ ನನ್ನ ಮುಖಕ್ಕೆ ತಿಳಿಯುತ್ತದೆ. ಕಾಯುತ್ತಿದ್ದಾನೆ, ಅಂದುಕೊಂಡೆ. ಅವನಿಗೆ ಚೆನ್ನಾಗಿ ಕಾಣಲಿ ಅಂತ ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ.

"ಹುಸೇನಾ, ತಪ್ಪಾತು. ಆ ಡಬ್ಬಿ ಬಂದ್ರ ನನಗೇನು ಕೆಲಸ ಉಳಿತೈತಿ ಹೇಳು. ಗೋಣಿಚೀಲದ ಮ್ಯಾಲೆ ಕುಂತು ಚಾ ಕುಡಿಯೋದು. ಹೆದರಿಕಿ ಬಂತಲೇ. ಅದಕ್ಕ ಸುಳ್ಳು ಹೇಳಿದೆ. ನೀನು ಅಷ್ಟು ಸಂತೋಷ ಪಟ್ಟಿದ್ದಿ, ನನ್ನ ಕೈಲಿ ತಡಕಳಾಕ ಆಗ್ಲಿಲ್ಲ."

ಅವನು ಮಾತಾಡಲಿಲ್ಲ. ನಾನು ಇನ್ನೂ ತಗ್ಗಿದೆ. ಕೈ ಜೋಡಿಸಿದೆ.

ಎಡಗಡೆಯಿಂದ ಹರಾಜಿನ ದನಿ ಬಂತು: "ಅದು ಲೈಟಿನ ಕಂಬಲೇ, ಮಬ್ಬೇ."

ಜೋಡಿಸಿದ ಕೈ ಜೋಡಿಸಿದ ಹಾಗೇ ಇತ್ತು.

"ಅದಕ್ಯಾಕ ಕೈ ಮುಗೀತಿ? ಇಲ್ಲಿ ತಿರುಗು. ಮಕ ಆ ಕಡೆ ಐತಿ, ನಿನ್ನ ಬಾಯಿ ಕಾಣವಲ್ದು. ಏನಂದಿ, ಮೊದ್ಲಿಂದ ಹೇಳು."

ಎಲ್ಲವನ್ನೂ ಮೊದಲಿಂದ ಹೇಳಬೇಕಾಯಿತು. ಎರಡನೇ ಸಲ ಹೇಳುವುದು ಬಹಳ ಕಷ್ಟ. ಕಂಬ ನನ್ನನ್ನು ನೋಡುತ್ತಿರಲಿಲ್ಲ, ಹುಸೇನ್ ನೋಡುತ್ತಿದ್ದ. ನಾನು ಹೇಳಿ ಮುಗಿಸಿದ ಮೇಲೆ ಅವನು ನನ್ನ ಕೈ ತೆಗೆದು ತನ್ನ ಭುಜದ ಮೇಲಿಟ್ಟುಕೊಂಡ.

"ಮೂವತ್ತು ವರ್ಷದಿಂದ ನಿನ್ನ ಬಾಯಿ ನೋಡ್ಕಂತ ಬಂದೀನಿ. ನನ್ನ ಹೇಂತಿ ಮಕನೂ ಅಷ್ಟು ನೋಡಿಲ್ಲ. ಅದ್ರಾಗ 'ನೋ' ಬಂದ್ರ ನನಗ ತಿಳಿಯಂಗಿಲ್ಲ ಅನ್ಕಂಡ್ಯಾ? ಬ್ಯಾಡ ಅನ್ನೋದಿದ್ರ ನನಗ ಅನ್ನಬೇಕಿತ್ತು. ಆ ಉದ್ದನ್ನ ಮನುಷ್ಯಾಗ ಯಾಕ ಅಂದಿ?"

ಉಳಿದ ನಾಲ್ಕು ಕಂಬಗಳ ಕೆಳಗೂ ನಿಂತು ಬೈದ. ಕಿಟಕಿಯವರಿಗೆ ಆ ದಿನದ ಪೂಜೆ ದೀರ್ಘವಾಯಿತು ಅನ್ನಿಸಿರಬೇಕು.

ಏಳನೆಯ ದಿನ

ಬೆಳಿಗ್ಗೆ ಎರಿಕ್‌ನ ಮುಂದೆ ನಿಂತು ಹೇಳಿದೆ: "ನಿನ್ನೆ ಅವನು ಬೇಕು ಅಂದಿದ್ದ. ಬೇಡ ಅಂದದ್ದು ನಾನು." ಮೌನ. ಈ ಸಲ ಆ ಮೌನವನ್ನು ನಾನು ಪೂರ್ತಿ ಅನುಭವಿಸಿದೆ. ಲೀನಾ ಮಾತ್ರ ನನ್ನ ಮುಂಗೈ ಮೇಲೆ ಕೈಯಿಟ್ಟಳು.

ಆಗ ಹುಸೇನ್ ನನ್ನನ್ನು ತಿವಿದ. "ಇನ್ನೊಂದು ಹೇಳು ಅವರಿಗೆ. ಈ ಕ್ವಾಣ್ಯಾಗ ಡಬ್ಬಿ ಚಲೋ ನಡಿತೈತಿ. ನಮ್ಮ ಶೆಡ್ಡಿನಾಗ ನಡಿಯಂಗಿಲ್ಲ ಅನ್ಸತೈತಿ."

"ನಿನಗೆಂಗ ಗೊತ್ತು?"

"ನಮ್ಮ ಶೆಡ್ಡಿನ ಬಾಜೂಕ ಗಿರಣಿ ಐತಿ. ಅಲ್ಲಿ ನಿಂತವ್ರು ಒಬ್ರ ಕಿವಿಗೆ ಒಬ್ರು ಬಾಯಿ ಹಚ್ಚಿ ಮಾತಾಡ್ತಾರ. ಬಸ್ ಬಂದ್ರ ಎಲ್ಲಾರೂ ಮಾತು ನಿಲ್ಸಿ, ಹೋದ ಮ್ಯಾಲೆ ಶುರು ಮಾಡ್ತಾರ. ಅಂದ್ರ ಅಲ್ಲಿ ಸದ್ದು ಭಾಳ ಐತಿ, ಹೌದಿಲ್ಲೋ? ಈ ಕ್ವಾಣ್ಯಾಗ, ಹೊರಗ ಬಸ್ ಬಂದ್ರೂ, ಯಾರ ತುಟೀನೂ ನಿಲ್ಲಲಿಲ್ಲ. ಅಲ್ಲಿ ಡಬ್ಬಿಗೆ ಯಾವ ಸದ್ದು ಎಂಜಿನ್ದು, ಯಾವುದು ಗಿರಣಿದು ಅಂತ ಯಾರು ಹೇಳಬೇಕು? ನನಗಂತೂ ತಿಳಿಯಂಗಿಲ್ಲ."

ಸದ್ದಿನ ಬಗ್ಗೆ ಆ ಕಾರ್ಯಾಗಾರದಲ್ಲಿ ಯಾರಿಗೂ ಹೊಳೆಯದ್ದನ್ನು ಹೇಳಿದವನು ಕಿವುಡ. ನನಗಾದರೂ ಹೊಳೆಯಬೇಕಿತ್ತು. ನನ್ನ ಕಿವಿ ಆಗ ನನ್ನ ಹೊಟ್ಟೆಯುರಿ ಕೇಳುವುದರಲ್ಲಿ ತೊಡಗಿತ್ತು.

ಎರಿಕ್ ಮೊದಲ ಸಲ ಮೌನ ಬಿಟ್ಟು ಬೇಗ ಮಾತಾಡಿದ. ನಿಮ್ಮ ಬೀದಿಯಲ್ಲಿ ಯಾವಯಾವ ಸದ್ದು ಇರುತ್ತದೆ, ಹೇಳಿ. ಹೇಳಿದೆ. ಗಿರಣಿ, ಲಾರಿ, ಟೆಂಟ್ ಸಿನಿಮಾದ ಲೌಡ್‌ಸ್ಪೀಕರು, ಮಸೀದಿ, ಮಠದ ಗಂಟೆ, ಕಮ್ಮಾರನ ಸುತ್ತಿಗೆ, ಕತ್ತೆ. ಊಟದ ಹೊತ್ತಿನವರೆಗೆ ಹೇಳಿದೆ. ಅವರ ಹಾಳೆ ಮುಗಿಯಿತು.

ಉಳಿದ ದಿನಗಳಲ್ಲಿ ಪೆಟ್ಟಿಗೆಯನ್ನು ಬಿಚ್ಚಿ ಮತ್ತೆ ಕಟ್ಟಿದರು. ಯಾವ ಸದ್ದು ಬೇಕು, ಯಾವುದು ಬೇಡ ಅಂತ ಆರಿಸಲು ಒಂದು ತಿರುಗಣಿ, ಬೆರಳಿಗೆ ಸಿಗುವ ಹಾಗೆ ಅದರಲ್ಲಿ ಐದು ಕಚ್ಚು. ಎರಿಕ್ ಅದನ್ನು ಪೆಟ್ಟಿಗೆಯ ಮೇಲೆ ಕೂರಿಸಲು ಹೊರಟಿದ್ದ. ಹುಸೇನ್ ಒಪ್ಪಲಿಲ್ಲ. "ಉದ್ದ ವೈರ್ ಹಚ್ಚು ಅನ್ನು. ಇಂವ ಗೋಣಿಚೀಲ ಬಿಟ್ಟು ಏಳಾಂವಲ್ಲ." ಅಂತೂ ದೀಪ ಅವನ ಕಣ್ಣಿಗೆ, ತಿರುಗಣಿ ನನ್ನ ಕೈಗೆ, ನಡುವೆ ಎಂಟು ಮೊಳ ವೈರು. ನಾನು ತಿರುಗಿಸದಿದ್ದರೆ ಅವನಿಗೆ ಗಿರಣಿ ಕಾಣುತ್ತದೆ. ಅವನು ನೋಡದಿದ್ದರೆ ನಾನು ತಿರುಗಿಸಿ ಪ್ರಯೋಜನವಿಲ್ಲ.

ಹಗ್ಗವನ್ನು ಅವರು ಕೊಡಲಿಲ್ಲ. ಅದು ಗಾಜಿನಲ್ಲೇ ಇದೆ.

ಮತ್ತೆ ಕೊಟ್ಟೂರು

ಪೆಟ್ಟಿಗೆ ಚೆನ್ನಾಗಿ ನಡೆಯುತ್ತದೆ, ಕರೆಂಟು ಇದ್ದಾಗ. ಕರೆಂಟು ಹೋದಾಗ ನನ್ನ ಕಿವಿ ನಡೆಯುತ್ತದೆ. ಕೆಲಸ ಮೊದಲಿಗಿಂತ ಬೇಗ ಆಗುತ್ತದೆ, ಸುಳ್ಳು ಹೇಳಲಾರೆ.

ಬಂದ ಮೊದಲ ದಿನವೇ ಒಂದು ಕೊರತೆ ಕಂಡಿತು. ಹಲವಾಗಲಿನಿಂದ ಬಂದ ಎಂಜಿನ್ನಿನೊಳಗೆ ಹುಸೇನ್ ತಲೆ ಹಾಕಿದ್ದ. ಚಾ ಬಂತು. ತಿರುಗಣಿಯ ಐದೂ ಕಚ್ಚು ಸವರಿದೆ, ಚಾಕ್ಕೆ ಒಂದೂ ಇರಲಿಲ್ಲ. ಬರೆದುಕೊಂಡಿದ್ದ ಎರಿಕ್ ಕೂಡ ಅದನ್ನು ಮರೆತಿದ್ದ. ಹುಸೇನ್ ಎದ್ದು ಬರುವ ಹೊತ್ತಿಗೆ ಚಾ ತಣ್ಣಗಾಗಿತ್ತು.

ಮುಂದಿನ ವಾರ ಹಗರಿಬೊಮ್ಮನಹಳ್ಳಿ ಸಂತೆಯಿಂದ ಅವನು ಹೊಸ ಪುಂಡಿನಾರಿನ ಹಗ್ಗ ತಂದ. ತಾನೇ ಕಾಲಿಗೆ ಕಟ್ಟಿಕೊಂಡು ಇನ್ನೊಂದು ತುದಿ ನನ್ನ ಕೈಗಿಟ್ಟ.

ಈ ಬರಹವನ್ನೂ ಶೆಡ್ಡಿನಲ್ಲಿ ಕುಂತು ಹಾಗೇ ಮಾಡಿದ್ದೇವೆ. ನಾನು ಹೇಳುತ್ತೇನೆ, ಹುಸೇನ್ ನನ್ನ ತುಟಿ ನೋಡಿ ಬರೆದುಕೊಳ್ಳುತ್ತಾನೆ. ಬರೆದದ್ದನ್ನು ನಾನು ಓದಲಾರೆ. ಓದಿ ಹೇಳು ಅಂದರೆ ಓದಿ ಹೇಳುವವನೂ ಅವನೇ. ಈಗ ಎರಡು ಕಡೆಯೂ ತಿಳಿದವನು ಅವನೊಬ್ಬನೇ.

ಆ ಕಂಬಕ್ಕೆ ಕೈ ಮುಗಿದ ಪ್ರಸಂಗ ಒಂದನ್ನು ಬಿಟ್ಟು ಬರೆಯಪ್ಪ, ನಾಕು ಮಂದಿ ಓದುತ್ತಾರೆ, ಅಂತ ಕೇಳಿಕೊಂಡಿದ್ದೇನೆ.

"ಆತು, ಬಿಟ್ಟೀನಿ," ಅಂದಿದ್ದಾನೆ.

ಬಿಟ್ಟಿದ್ದಾನೆ ಅಂತ ನಂಬಿದ್ದೇನೆ.